ನಿಂಬೆಹಣ್ಣಿಗೆ ಎದೆ ತಾಗಬೇಕು

ಹೆಣ್ಣು ನೋಡಲು ಹೋದವರು ಸಾಮಾನ್ಯವಾಗಿ ಮೊದಲು ನೋಡುವುದು ಕೊಟ್ಟಿಗೆ, ಕೊಳವೆಬಾವಿ, ಹಿತ್ತಲಿನ ತೆಂಗು. ಚಿಕ್ಕಸ್ವಾಮಿ ಮಾತ್ರ ಬೋರಯ್ಯನ ಮನೆಯ ಹಜಾರಕ್ಕೆ ಕಾಲಿಟ್ಟವನೇ ತಲೆಯೆತ್ತಿ ಸೂರು ನೋಡಿದ. ಫ್ಯಾನು ಇತ್ತು, ತಿರುಗುತ್ತಲೂ ಇತ್ತು. ಅವನಿಗೆ ಅಷ್ಟು ಸಾಲಲಿಲ್ಲ.

"ವಸಿ ಜೋರಾಗಿ ಬುಡಿ ಬೋರಣ್ಣ. ಕೆ.ಆರ್. ಪೇಟೆಯಿಂದ ಇಲ್ಲಿಗಂಟ ಬಿಸ್ಲಲ್ಲೇ ಬಂದಿದ್ದೀವಿ," ಎಂದ.

ಬೋರಯ್ಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಹಳೆಯ ಫ್ಯಾನು ಗಡಗಡ ಅನ್ನತೊಡಗಿತು. ಚಿಕ್ಕಸ್ವಾಮಿಗೆ ಸಮಾಧಾನವಾಯಿತು. ಅವನ ಅಕ್ಕ ಬೈರಮ್ಮ ಮಗನ ತೋಳು ಹಿಡಿದು ನೇರ ಫ್ಯಾನಿನ ಕೆಳಗಿದ್ದ ಕುರ್ಚಿಯಲ್ಲೇ ಕೂರಿಸಿದಳು.

ಬೆವರು ಒಂದು ನೆಪ. ಅವರಿಗೆ ಬೇಕಾಗಿದ್ದುದು ಗಾಳಿಯಲ್ಲ, ಫ್ಯಾನಿನ ಸದ್ದು. ಬೈರಮ್ಮನ ಮಗ ನಿಂಗರಾಜುವಿನ ಎದೆಯೊಳಗಿಂದ ಟಿಕ್ ಟಿಕ್ ಎಂದು ಕೇಳುತ್ತಿತ್ತು. ನಾಲ್ಕು ವರ್ಷದ ಹಿಂದೆ ಮೈಸೂರಿನಲ್ಲಿ ಅವನ ಎದೆ ಕುಯ್ದು, ಹೃದಯದಲ್ಲಿ ಕೆಟ್ಟಿದ್ದ ಒಂದು ಕವಾಟ ತೆಗೆದು, ಆ ಜಾಗಕ್ಕೆ ಲೋಹದ್ದೊಂದನ್ನು ಕೂರಿಸಿದ್ದರು. ಅದು ಮುಚ್ಚಿ ತೆರೆಯುವಾಗೆಲ್ಲ ಸಣ್ಣ ಸದ್ದು. ಸಂತೆಯಲ್ಲಿ, ಬಸ್ಸಿನಲ್ಲಿ ಯಾರಿಗೂ ಕೇಳದು. ನಿಶ್ಶಬ್ದವಾಗಿದ್ದರೆ ಪಕ್ಕದಲ್ಲಿ ಕೂತವರಿಗೆ ಕೇಳಿಬಿಡುತ್ತದೆ. ಬೈರಮ್ಮ ಅವತ್ತಿನಿಂದ ಮಗನ ಕೋಣೆಯ ಬಾಗಿಲು ಮುಚ್ಚಗೊಟ್ಟಿರಲಿಲ್ಲ. ಆ ಸದ್ದು ಕಿವಿಗೆ ಬಿದ್ದರೇನೇ ಅವಳಿಗೆ ನಿದ್ದೆ.

ಡಾಕ್ಟರೇನೋ ಧೈರ್ಯ ಹೇಳಿಯೇ ಕಳಿಸಿದ್ದರು. ಓಡಾಡಲಿ, ಕೆಲಸಕ್ಕೆ ಹೋಗಲಿ, ಮದುವೆಯೂ ಆಗಲಿ, ಮಾತ್ರೆ ತಪ್ಪಿಸಬಾರದು, ಕುಸ್ತಿ, ದಂಡ, ಭಾರ ಎತ್ತುವುದು ಮಾತ್ರ ನಮ್ಮನ್ನು ಕೇಳದೆ ಕೂಡದು. ಬೈರಮ್ಮ ಈ ಕೊನೆಯ ಮಾತನ್ನು ಹಿಡಿದುಕೊಂಡು ಉಳಿದದ್ದನ್ನು ಬಿಟ್ಟಳು. ಚಿಕ್ಕಂದಿನಲ್ಲಿ ಹುಣಸೆ ಬರಲು ಹಿಡಿದು ಊರೆಲ್ಲ ಅಟ್ಟಾಡಿಸಿ ಹೊಡೆಯುತ್ತಿದ್ದ ತಾಯಿ, ಆಪರೇಷನ್ ಆದಮೇಲೆ ಮಗನ ಮುಂದೆ ದನಿ ಎತ್ತಿದವಳಲ್ಲ. ತಟ್ಟೆ ತೊಳೆಯಲೂ ಬಿಡಳು. ಮೂವತ್ತರ ಹತ್ತಿರದ ಗಂಡಸನ್ನು ಕೋಳಿಮೊಟ್ಟೆ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದಳು.

ಮೊದಲ ಎರಡು ಸಂಬಂಧ ಬಂದಾಗ ಅವಳು ಇದ್ದುದನ್ನು ಇದ್ದ ಹಾಗೇ ಹೇಳಿದ್ದಳು. ಮೇಲುಕೋಟೆ ಕಡೆಯವರು ಕಾಫಿ ಲೋಟ ಅಲ್ಲೇ ಇಟ್ಟು ಎದ್ದರು. ಹೇಮಗಿರಿ ಪಕ್ಕದವರು ಮರ್ಯಾದಸ್ಥರು. ಊಟ ಹಾಕಿ ಕಳಿಸಿ, ಆಮೇಲೆ ಫೋನು ಎತ್ತಲಿಲ್ಲ. ಆಗ ಚಿಕ್ಕಸ್ವಾಮಿ ಬುದ್ಧಿ ಹೇಳಿದ.

"ಎಲ್ಲಾನೂ ಯೋಳ್ಬುಡಾಕೆ ಅದೇನ್ ಕೋರ್ಟಾ ಅಕ್ಕ? ಮದ್ವೆ ಆಗೋಗ್ಲಿ. ಒಂದು ಮಗೂನೂ ಆಗ್ಲಿ. ಆಮ್ಯಾಕೆ ತಾನೇ ಗೊತ್ತಾಯ್ತದೆ ಬುಡು."

ಇಂಥ ಬುದ್ಧಿ ಹೇಳುವವನು ಎಲ್ಲರ ಮನೆಯಲ್ಲೂ ಒಬ್ಬ ಇರುತ್ತಾನೆ. ಅವನ ಕಾರಿನಲ್ಲೇ ನಾವು ಹೋಗಬೇಕಾಗಿಯೂ ಇರುತ್ತದೆ.

ತೊಡಕಿದ್ದುದು ನಿಂಗರಾಜುವಿನಲ್ಲಿ. ಅವನಿಗೆ ಸುಳ್ಳು ಬಾಯಿಗೆ ಬಾರದು. ಊರ ಡೇರಿಯಲ್ಲಿ ಹಾಲಿನ ಡಿಗ್ರಿ ನೋಡುವ ಕೆಲಸ ಅವನದು. ಸ್ವಂತ ಚಿಕ್ಕಪ್ಪನ ಹಾಲಿಗೆ ನೀರು ಬಿದ್ದಾಗ ಸಾಲಿನಲ್ಲಿ ನಿಂತವರೆದುರೇ ಹೇಳಿ ಬೈಸಿಕೊಂಡಿದ್ದ. ಅದಕ್ಕೇ ಈ ದಿನ ಬೆಳಿಗ್ಗೆ ಹೊರಡುವ ಮುಂಚೆ ಬೈರಮ್ಮ ದೇವರ ಮುಂದೆ ಅವನ ಬಲಗೈ ಎಳೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

"ನನ್ ತಲೆ ಮ್ಯಾಲಾಣೆ. ನಾನು ಬಾಯಿ ಬುಡೋಗಂಟ ನೀನು ಬುಡಬಾರ್ದು. ಬುಟ್ಯೋ, ನನ್ ಹೆಣ ನೋಡ್ತೀಯ."

"ಬ್ಯಾಡ ಕಣವ್ವ. ಆಣೆ ಎಲ್ಲ ಯಾಕವ್ವ?" ಎಂದು ಅವನು ಕೈ ಎಳೆದುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

ಆ ಮನೆಯಲ್ಲಿ ಆಣೆ ಎಂದರೆ ಹುಡುಗಾಟವಲ್ಲ. ನಿಂಗರಾಜುವಿನ ಅಪ್ಪ ಬದುಕಿದ್ದಾಗ, ಬೀಡಿ ಮುಟ್ಟುವುದಿಲ್ಲ ಎಂದು ತನ್ನ ತಾಯಿಯ ತಲೆ ಮೇಲೆ ಕೈಯಿಟ್ಟು ಹೇಳಿ, ಗದ್ದೆಯ ಬದುವಿನಲ್ಲಿ ಕೂತು ಒಂದು ಹಚ್ಚಿದ್ದ. ಅದೇ ವಾರ ಆ ಮುದುಕಿ ಬಚ್ಚಲಲ್ಲಿ ಜಾರಿಬಿದ್ದು ತೀರಿಕೊಂಡಿತು. ಬೀಡಿಗೂ ಬಚ್ಚಲಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ನಿಂಗರಾಜುವಿಗೂ ಇರಲಿಲ್ಲ.

ಬೋರಯ್ಯನ ಮನೆ ಬೆಳ್ಳೂರು ಕ್ರಾಸಿನಿಂದ ಒಳಕ್ಕೆ, ತೋಟದ ಪಕ್ಕದಲ್ಲಿತ್ತು. ಬಂದವರಿಗೆಲ್ಲ ಕೈಗೊಂದು ನಿಂಬೆಹಣ್ಣು ಕೊಟ್ಟು ಕೂರಿಸಿದ್ದ. ಹುಡುಗಿ ಸುನಿತಾ ನಾಗಮಂಗಲದ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಡಮ್ಮು. ಕಾಫಿ ತಂದು ಕೊಟ್ಟು, ತಲೆ ಬಗ್ಗಿಸಿಕೊಂಡು ಒಳಗೆ ಹೋಗುವ ಬದಲು ಎದುರಿಗೇ ಒಂದು ಕುರ್ಚಿ ಎಳೆದುಕೊಂಡು ಕೂತಳು. ಬೈರಮ್ಮನಿಗೆ ಅದು ಹಿಡಿಸಿತು. ಗಟ್ಟಿಗಿತ್ತಿ, ನನ್ನ ಮಗನನ್ನು ನೋಡಿಕೊಳ್ಳುತ್ತಾಳೆ ಎಂದುಕೊಂಡಳು. ಅಡುಗೆಮನೆಯ ಬಾಗಿಲ ಪರದೆಯ ಹಿಂದೆ ಇನ್ನೊಂದು ಹೆಣ್ಣುಜೀವ ನಿಂತಿತ್ತು. ಅವಳು ಸುನಿತಾಳ ಅಕ್ಕ ಪ್ರಮೀಳಾ. ಹಣೆಯಲ್ಲಿ ಕುಂಕುಮವಿರಲಿಲ್ಲ.

ಮಾತು ಚೆನ್ನಾಗಿಯೇ ಸಾಗಿತ್ತು. ಡೇರಿ, ಎರಡು ಎಕರೆ ಗದ್ದೆ, ಒಬ್ಬನೇ ಮಗ. ಅಷ್ಟಕ್ಕೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಚಿಕ್ಕಸ್ವಾಮಿಗೆ ಒಂದು ಸುಳ್ಳಿನ ಮೇಲೆ ಕೂತು ಸುಮ್ಮನಿರಲು ಆಗದು. ಅದರ ಮೇಲೆ ಇನ್ನೊಂದು ಅಟ್ಟ ಕಟ್ಟಬೇಕು.

"ಶ್ರೀರಂಗಪಟ್ಣದ ಗರಡೀಲಿ ಬೆಳ್ದಿರೋ ಹುಡ್ಗ ಬೋರಣ್ಣ! ನಮ್ಮನೇಲಿದ್ದು ಐಟಿಐ ಓದ್ತಿದ್ದಾಗ ಬೆಳಗಾದ್ರೆ ಗರಡಿ ಮಣ್ಣಲ್ಲೇ ಇರ್ತಿದ್ದ. ದಂಡ ಹೊಡಿಯಾಕೆ ನಿಂತ್ರೆ ಎಣಿಸೋರ್ಗೇ ಸುಸ್ತಾಗ್ಬೇಕು. ಕಬ್ಬಿಣ, ಮೈಯೆಲ್ಲ ಕಬ್ಬಿಣ!"

ಎದೆಯೊಳಗಿನ ಲೋಹ ನೆನಪಾಗಿ ಬೈರಮ್ಮನಿಗೆ ಕಾಫಿ ನೆತ್ತಿಗೇರಿತು. ಸುನಿತಾ ಮಾತ್ರ ಚಿಕ್ಕಸ್ವಾಮಿಯ ಮಾತನ್ನು ಗಮನವಿಟ್ಟು ಕೇಳಿದಳು.

"ಹಂಗಾದ್ರೆ ಸುಲಭ ಆಯ್ತು," ಎಂದಳು. "ನಂದೊಂದು ಕೇಳಿಕೆ ಐತೆ. ತಪ್ಪು ತಿಳ್ಕೋಬಾರ್ದು. ಇವ್ರು ನಮ್ಮೆದುರಿಗೆ ಇಪ್ಪತ್ತು ಪುಷಪ್ ಮಾಡ್ಬೇಕು."

ಹಜಾರದಲ್ಲಿ ಫ್ಯಾನು ಒಂದೇ ಮಾತಾಡುತ್ತಿತ್ತು. ಚಿಕ್ಕಸ್ವಾಮಿ ನಗಲು ಹೋದ, ನಗು ಬರಲಿಲ್ಲ.

"ಏನವ್ವ ಇದು, ಹೆಣ್ಣು ನೋಡಾಕೆ ಬಂದೋರ್ನ ಗರಡಿಗಿಳಿಸ್ತೀಯಲ್ಲ! ಯಾವ ಊರಲ್ಲೈತೆ ಇಂಥ ಶಾಸ್ತ್ರ?"

ಬೋರಯ್ಯ ಮುಖ ಕೆಳಗೆ ಹಾಕಿಕೊಂಡ. ಅವನಿಗೂ ಮುಜುಗರವೇ. ಆದರೂ ಮಗಳ ಕಡೆಗೇ ಮಾತಾಡಿದ.

"ಅಡ್ಡ ಬರಬ್ಯಾಡಿ ಚಿಕ್ಕಸ್ವಾಮಣ್ಣ. ದೊಡ್ಡವಳ್ನ ಪಾಂಡವಪುರದ ಕಡೆ ಕೊಟ್ಟಿದ್ದೋ..." ಎಂದು ಶುರುಮಾಡಿ ಅಲ್ಲೇ ನಿಂತ.

ಉಳಿದದ್ದನ್ನು ಸುನಿತಾ ಹೇಳಿದಳು. "ನಮ್ಮ ಭಾವನ ಎರಡೂ ಕಿಡ್ನಿ ಹೋಗಿದ್ವು. ಅವ್ರ ಮನೆಯೋರ್ಗೆಲ್ಲ ಗೊತ್ತಿತ್ತು. ಹುಡುಗ ಆರೋಗ್ಯವಾಗವ್ನೆ ಅಂತ ಡಾಕ್ಟ್ರ ಚೀಟಿ ಬೇರೆ ತಂದು ತೋರ್ಸಿದ್ರು. ನಾವು ಚೀಟಿ ನೋಡಿದ್ವಿ, ಮನುಷ್ಯನ್ನ ನೋಡ್ಲಿಲ್ಲ. ಮದುವೆಯಾಗಿ ವರ್ಷ ತುಂಬೋಕೆ ಮುಂಚೆ ನಮ್ಮಕ್ಕ ತವರಿಗೆ ಬಂದ್ಲು. ನನಗೆ ಚೀಟಿ ಬ್ಯಾಡ. ದಿನಾ ಇನ್ನೂರು ಮಕ್ಕಳ ಮೈ ನೋಡ್ತೀನಿ ನಾನು. ಉಸಿರು ಹೆಂಗೆ ಬರುತ್ತೆ, ತುಟಿ ಯಾವ ಬಣ್ಣಕ್ಕೆ ತಿರುಗುತ್ತೆ, ಅಷ್ಟು ನೋಡಿದ್ರೆ ನನಗೆ ಸಾಕು."

ಪರದೆಯ ಹಿಂದಿನ ಆಕೃತಿ ಅಲುಗಾಡಲಿಲ್ಲ. ಬೈರಮ್ಮ ಆ ಕಡೆ ನೋಡಿ, ನೋಡಲಾಗದೆ ಕಣ್ಣು ತಿರುಗಿಸಿದಳು.

ಚಿಕ್ಕಸ್ವಾಮಿ ಇದ್ದಬದ್ದ ನೆಪವನ್ನೆಲ್ಲ ಹೊರತೆಗೆದ. ಹುಡುಗ ಈಗ ತಾನೇ ತಿಂಡಿ ತಿಂದಿದ್ದಾನೆ ಎಂದ. ಹೊಸ ಅಂಗಿ ಎಂದ. ಮುಂದಿನ ವಾರ ಶ್ರೀರಂಗಪಟ್ಟಣಕ್ಕೇ ಬನ್ನಿ, ಗರಡಿಯಲ್ಲೇ ತೋರಿಸೋಣ ಎಂದ. ಅವನು ಹೇಳುತ್ತಿರುವಾಗಲೇ ನಿಂಗರಾಜು ಎದ್ದು ನಿಂತ. ಎದ್ದವನು ಹುಡುಗಿಯ ಕಡೆ ತಿರುಗಲಿಲ್ಲ, ತಾಯಿಯ ಕಡೆ ತಿರುಗಿದ.

"ಅವ್ವ, ಮಾಡ್ಲಾ?"

ಬೈರಮ್ಮ ಒಳಗೊಳಗೇ ಲೆಕ್ಕ ಹಾಕಿದಳು. ಬೇಡ ಎನ್ನಬೇಕು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದು ಹೇಳಿದರೆ ಮೂರನೆಯ ಮನೆಯೂ ಹೋಯಿತು. ತಾನು ಸತ್ತ ಮೇಲೆ ಈ ಹುಡುಗನ ಮಾತ್ರೆ ನೆನಪಿಸುವವರು ಯಾರು, ಆ ಸದ್ದಿಗೆ ಕಿವಿಗೊಟ್ಟು ಮಲಗುವವರು ಯಾರು? ಅವಳಿಗಿದ್ದ ಹಂಬಲ ಅದೊಂದೇ.

ಪಕ್ಕದಿಂದ ಚಿಕ್ಕಸ್ವಾಮಿ ಪಿಸುಗುಟ್ಟಿದ: "ಮಾಡ್ಲಿ ಬುಡಕ್ಕ. ಗರಡಿ ಮೈ. ನಾಕು ಹೊಡ್ದು ಎದ್ದೇಳ್ತಾನೆ."

ಬೈರಮ್ಮ ತಲೆ ತಗ್ಗಿಸಿದಳು. ಅವಳು ತಲೆ ಎತ್ತಬಹುದೆಂದು ನಿಂಗರಾಜು ಕಾದ. ಆಮೇಲೆ ಕುರ್ಚಿಗಳ ಮುಂದೆ, ಕೆಂಪು ಗಾರೆಯ ನೆಲ ಬರಿದಾಗಿದ್ದ ಕಡೆ ಹೋದ. ಅಂಗಿಯ ತೋಳು ಮಡಚಿದ. ಕೊರಳ ಗುಂಡಿ ಮಾತ್ರ ಬಿಚ್ಚಲಿಲ್ಲ. ಅದರ ಕೆಳಗೆ ಹೊಲಿಗೆಯ ಗುರುತಿತ್ತು. ಬಗ್ಗಿ ನೆಲ ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡ. ಗರಡಿಗೆ ಇಳಿಯುವವರು ಮಣ್ಣಿಗೆ ನಮಸ್ಕಾರ ಮಾಡುವುದೇ ಹಾಗೆ. ಅದನ್ನು ನೋಡಿದಾಗ ಬೈರಮ್ಮನಿಗೆ ಗೊತ್ತಾಯಿತು. ಇವನು ನಾಲ್ಕಕ್ಕೆ ಏಳುವವನಲ್ಲ.

ಕೈಯೂರಿ ಕಾಲು ಹಿಂದಕ್ಕೆ ಚಾಚಿ, ಸೊಂಟ ಎತ್ತಿ, ಎದೆಯನ್ನು ನೆಲದ ಮೇಲೆ ಸವರಿಕೊಂಡು ಮುಂದಕ್ಕೆ ತಂದು ತಲೆ ಎತ್ತಿದ. ನಾಲ್ಕು ವರ್ಷ ಮುಟ್ಟದಿದ್ದರೂ ಮೈ ಮರೆತಿರಲಿಲ್ಲ.

"ಅದು ದಂಡ," ಎಂದಳು ಸುನಿತಾ. "ಸೊಂಟ ಎತ್ತಿದಾಗ ಮೈಗೆ ಒಂಚೂರು ಬಿಡುವು ಸಿಕ್ತದೆ. ನಾನು ಕೇಳಿದ್ದು ಪುಷಪ್. ಹಿಮ್ಮಡಿಯಿಂದ ಭುಜದವರೆಗೂ ಒಂದೇ ನೇರ ಇರಬೇಕು. ಎದೆ ಪೂರ್ತಿ ಕೆಳಗೆ ಬರಬೇಕು." ಚಿಕ್ಕಸ್ವಾಮಿಯ ಕೈಯಲ್ಲಿದ್ದ ನಿಂಬೆಹಣ್ಣು ಇಸಿದುಕೊಂಡು ನಿಂಗರಾಜುವಿನ ಎದೆಯ ಕೆಳಗೆ ನೆಲದ ಮೇಲಿಟ್ಟಳು. "ಇದಕ್ಕೆ ಎದೆ ತಾಗಬೇಕು. ತಾಗಿದ್ರೆ ಮಾತ್ರ ಲೆಕ್ಕ." ಹಾಗೆಂದು ಒಂದು ಮಾರು ದೂರದಲ್ಲಿ ಮೊಣಕಾಲೂರಿ ಕೂತಳು.

"ಒಂದು."

ಅವನು ಇಳಿದ, ಏರಿದ. ಅಂಗಿ ನಿಂಬೆಹಣ್ಣಿಗೆ ಮುಟ್ಟಿತು.

"ಎರಡು. ಮೂರು."

ಸರಾಗವಾಗಿಯೇ ನಡೆಯಿತು. ಬೋರಯ್ಯನ ಮುಖ ಅರಳಿತು. ಚಿಕ್ಕಸ್ವಾಮಿ ಮೀಸೆಯ ಮೇಲೆ ಕೈಯಾಡಿಸಿಕೊಂಡು, ನೋಡಿದಿರಾ ಎನ್ನುವಂತೆ ಎಲ್ಲರ ಕಡೆ ನೋಡಿದ. ಬೈರಮ್ಮ ಮಗನ ಕೊರಳಿನ ನರ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಅವನ ಬಾಯಿ ಮೂಗಿಗೆಲ್ಲ ಕೊಳವೆ ಹಾಕಿ ಮಲಗಿಸಿದ್ದಾಗ, ಗಾಜಿನಾಚೆ ನಿಂತು ಅವಳು ನೋಡುತ್ತಿದ್ದುದೂ ಅದೇ ನರವನ್ನು. ಅದು ಮಿಡಿಯುತ್ತಿದೆಯೋ ಇಲ್ಲವೋ ಎಂದು ಕಣ್ಣ ರೆಪ್ಪೆ ಬಡಿಯದೆ ನಿಂತಿದ್ದಳು. ಈಗ ಅದು ಹಗ್ಗದಂತೆ ಉಬ್ಬಿತ್ತು.

"ಏಳು. ಎಂಟು. ತಲೆ ಎತ್ತಬೇಡಿ, ಕತ್ತು ಹಿಡ್ಕೊಳ್ಳುತ್ತೆ. ನೆಲ ನೋಡಿ."

ನಿಂಗರಾಜು ನೆಲ ನೋಡಲಿಲ್ಲ. ಪ್ರತಿ ಸಲ ಮೇಲೆ ಬಂದಾಗಲೂ ತಲೆಯೆತ್ತಿ ತಾಯಿಯ ಮುಖವನ್ನೇ ನೋಡುತ್ತಿದ್ದ. ಧೈರ್ಯಕ್ಕೆ ನೋಡುತ್ತಿದ್ದಾನೆ ಎಂದುಕೊಂಡಳು ಅವಳು. ಕೊಡಲು ತನ್ನಲ್ಲಿ ಧೈರ್ಯವೆಲ್ಲಿದೆ?

"ಒಂಬತ್ತು."

ಈಗ ಇಳಿಯುವುದು ನಿಧಾನವಾಯಿತು. ಅಂಗಿಯ ಬೆನ್ನು ಒದ್ದೆಯಾಗಿ ಮೈಗೆ ಅಂಟಿತು. ಹಣೆಯಿಂದ ಒಂದು ಹನಿ ನಿಂಬೆಹಣ್ಣಿನ ಪಕ್ಕ ಬಿತ್ತು. ಸುನಿತಾಳ ಹುಬ್ಬು ಗಂಟಾಯಿತು. ಅವಳು ಇನ್ನಷ್ಟು ಬಗ್ಗಿ ಅವನ ತುಟಿ ನೋಡಿದಳು.

"ಹತ್ತು. ಸುಸ್ತಾದ್ರೆ ನಿಲ್ಸಬಹುದು. ಇಪ್ಪತ್ತೇ ಆಗ್ಬೇಕು ಅಂತ ಏನಿಲ್ಲ."

"ಆಯ್ತದೆ," ಎಂದ ಅವನು ಹಲ್ಲು ಕಚ್ಚಿ. ಕಣ್ಣು ತಾಯಿಯ ಮೇಲೇ ಇತ್ತು.

"ನಿಲ್ಸಬೋದಂತೆ ಕಣ್ಲಾ ನಿಂಗ! ಆಯ್ತಲ್ಲ, ಮೇಡಮ್ಮೇ ಹೇಳವ್ರೆ, ಏಳು ಮ್ಯಾಕೆ!" ಎಂದ ಚಿಕ್ಕಸ್ವಾಮಿ.

ನಿಂಗರಾಜು ಏಳಲಿಲ್ಲ. ಹನ್ನೊಂದಕ್ಕೆ ಇಳಿದ.

ಆಗ ಕರೆಂಟು ಹೋಯಿತು.

ಫ್ಯಾನು ಎರಡು ಮೂರು ಸುತ್ತು ಸೋಮಾರಿಯಾಗಿ ತಿರುಗಿ ನಿಂತಿತು. ಆ ಗಡಗಡಕ್ಕೆ ಎಲ್ಲರ ಕಿವಿ ಒಗ್ಗಿಹೋಗಿದ್ದರಿಂದ ಮೌನ ಒಮ್ಮೆಲೇ ದೊಡ್ಡದಾಗಿ ಕೇಳಿತು. ತೋಟದಲ್ಲಿ ಕಾಗೆಯೊಂದು ಕೂಗಿದ್ದು ಕೇಳಿತು. ನಿಂಗರಾಜುವಿನ ಉಸಿರು ಕೇಳಿತು. ಆ ಉಸಿರಿನ ಒಳಗಿಂದ, ಟಿಕ್ ಟಿಕ್ ಟಿಕ್ ಟಿಕ್ ಎಂದು ಇನ್ನೊಂದು ಸದ್ದು ಕೇಳಿತು.

"ಅದೇನದು ಸದ್ದು?" ಎಂದ ಬೋರಯ್ಯ, ಸುತ್ತ ನೋಡುತ್ತ.

"ನನ್ ವಾಚು ಕಣಣ್ಣ," ಎಂದುಬಿಟ್ಟ ಚಿಕ್ಕಸ್ವಾಮಿ, ತುಂಬುತೋಳಿನ ಮೇಲೆ ಕೈ ಮುಚ್ಚಿಕೊಂಡು. "ಹಳೇದು. ನಮ್ಮಪ್ಪನ ಕಾಲದ್ದು."

"ಅದೇನಣ್ಣ ಹಿಂಗೆ ಓಡ್ತದೆ ನಿನ್ ವಾಚು?"

ಓಡುತ್ತಿತ್ತು. ಬೈರಮ್ಮ ನಾಲ್ಕು ವರ್ಷದಿಂದ ಕೇಳುತ್ತ ಬಂದ ಸದ್ದು ಅದು. ನಿದ್ದೆಯಲ್ಲಿ ಹೇಗಿರುತ್ತದೆ, ಉಂಡಾಗ ಹೇಗಿರುತ್ತದೆ, ಜ್ವರ ಬಂದಾಗ ಹೇಗಿರುತ್ತದೆ ಎಂದು ಅವಳಿಗೆ ಗೊತ್ತು. ಹೀಗೆ ಓಡಿದ್ದನ್ನು ಒಂದು ದಿನವೂ ಕೇಳಿರಲಿಲ್ಲ. ಅದರ ನಡುವೆ ಒಂದು ತಪ್ಪಿದಂತಾಯಿತು. ಮತ್ತೆ ಹಿಡಿದುಕೊಂಡಿತು.

"ಹನ್ನೆರಡು," ಎಂದಳು ಸುನಿತಾ. ಹೇಳಿದವಳು ಬಾಯಿ ಹಾಗೇ ತೆರೆದುಕೊಂಡು ಅವನ ಎದೆಯ ಕಡೆಗೆ ಕಿವಿ ತಿರುಗಿಸಿದಳು.

ಬೈರಮ್ಮ ಎದ್ದಳು. ಚಿಕ್ಕಸ್ವಾಮಿ ಅವಳ ಸೆರಗು ಹಿಡಿದ. "ಇನ್ನು ಎಂಟೇ ಕಣಕ್ಕ. ಕೆಲ್ಸ ಕೆಡಿಸ್ಬ್ಯಾಡ," ಎಂದ. ಅವಳು ಸೆರಗು ಕಿತ್ತುಕೊಂಡಳು. ಪಿನ್ನು ಸಿಕ್ಕಿದ್ದ ಕಡೆ ಬಟ್ಟೆ ಪರ್ರೆಂದಿತು. ಎರಡೇ ಹೆಜ್ಜೆಗೆ ಮಗನ ಬಳಿ ಹೋಗಿ ಕುಕ್ಕರಿಸಿದಳು. ಅವನು ಹದಿಮೂರಕ್ಕೆ ಇಳಿಯುತ್ತಿದ್ದ. ನಿಂಬೆಹಣ್ಣಿಗೂ ಅವನ ಎದೆಗೂ ನಡುವೆ ತನ್ನ ಅಂಗೈ ತೂರಿಸಿದಳು.

"ಸಾಕು. ಏಳ್ಲಾ ಮಗ."

ಅವನು ಏಳಲೂ ಇಲ್ಲ, ಇಳಿಯಲೂ ಇಲ್ಲ. ಅರ್ಧಕ್ಕೆ ನಿಂತ. ತೋಳುಗಳು ತೊನೆಯುತ್ತಿದ್ದವು. ಆ ಸದ್ದು ಈಗ ನೇರ ಅವಳ ಅಂಗೈಗೆ ಬಡಿಯುತ್ತಿತ್ತು.

"ಯೋಳವ್ವ," ಎಂದ.

"ಏಳೋ ಅಂದೆ ಕಣೋ! ಸತ್ತೋಯ್ತೀಯ!"

"ನೀನು ಯೋಳವ್ವ ಮೊದ್ಲು."

ಬೈರಮ್ಮನಿಗೆ ಆಗ ಅರ್ಥವಾಯಿತು. ಅವನು ಇಷ್ಟು ಹೊತ್ತು ತನ್ನ ಮುಖ ನೋಡಿದ್ದು ಧೈರ್ಯಕ್ಕಲ್ಲ. ಆಣೆ ಹಾಕಿಸಿಕೊಂಡವಳು ತಾನು. ಅದನ್ನು ಬಿಡಿಸುವ ಬಾಯಿಯೂ ತನ್ನದೇ. ಅವನ ಬಾಯಿ ಕಟ್ಟಿಹಾಕಿದ್ದಳು. ಅವನ ಹತ್ತಿರ ಉಳಿದಿದ್ದುದು ಎರಡು ಕೈ ಮತ್ತು ಆ ಎದೆ.

"ನನ್ ಮಗುಂಗೆ ಎದೆ ಕುಯ್ದವ್ರೆ ಕಣವ್ವ!" ಎಂದು ಅವಳು ಸುನಿತಾಳ ಕಡೆ ತಿರುಗಿ ಕಿರುಚಿದಳು. "ಒಳಗೆ ಒಂದು ಯಂತ್ರ ಇಟ್ಟವ್ರೆ. ಅದೇ ಈ ಸದ್ದು. ಯಾವ ವಾಚೂ ಅಲ್ಲ. ನಾನೇ ಬಚ್ಚಿಟ್ಟಿದ್ದು. ಇವನು ಬ್ಯಾಡ ಅಂದ. ನಾನೇ ನನ್ ತಲೆ ಮ್ಯಾಲೆ ಆಣೆ ಹಾಕಿಸ್ಕಂಡು ಕರ್ಕಂಬಂದೆ. ಇಕ್ಕಳ್ಳವ್ವ, ಕೈ ಇಲ್ಲಿಡು, ನೀನೇ ನೋಡು!"

ಅವಳು ಸುನಿತಾಳ ಕೈ ಎಳೆದು ಮಗನ ಎದೆಗೆ ಒತ್ತುವಷ್ಟರಲ್ಲಿ ನಿಂಗರಾಜುವಿನ ತೋಳು ಸೋತಿತು. ಪಕ್ಕಕ್ಕೆ ಹೊರಳಿ ಅಂಗಾತ ಬಿದ್ದ. ನಿಂಬೆಹಣ್ಣು ಉರುಳಿ ಕುರ್ಚಿಯ ಕೆಳಗೆ ಹೋಯಿತು.

ಸುನಿತಾ ಕಿರುಚಲಿಲ್ಲ. ಅವನ ಕೊರಳ ಗುಂಡಿ ಬಿಚ್ಚಿದಳು. ಎದೆಯ ನಡುವೆ ಮೇಲಿಂದ ಕೆಳಗೆ ಇಳಿದ ಗುರುತನ್ನು ಎಲ್ಲರೂ ನೋಡಿದರು. ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತ ಕೂತಳು. ಬೈರಮ್ಮ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲ ದೇವರ ಹೆಸರನ್ನೂ ಒಂದಾದ ಮೇಲೊಂದು ಕೂಗುತ್ತಿದ್ದಳು. ಹೊತ್ತು ಹೋದ ಹಾಗೆ ಆ ಓಟ ಕಡಿಮೆಯಾಯಿತು. ಸದ್ದು ಒಂದೊಂದಾಗಿ ಬಿಡಿಸಿಕೊಂಡು ಕೇಳತೊಡಗಿತು. ತುಟಿಗೆ ಬಣ್ಣ ಬಂತು.

"ತಲೆ ತಿರುಗ್ತಿದೆಯಾ? ಎದೆ ನೋವು?" ಎಂದು ಸುನಿತಾ ಕೇಳಿದಳು.

"ಇಲ್ಲ. ತೋಳು ನೋಯ್ತವೆ ಅಷ್ಟೆ," ಎಂದ ನಿಂಗರಾಜು. ಆ ಸ್ಥಿತಿಯಲ್ಲೂ ಅವನ ಮುಖದಲ್ಲಿ ಒಂದು ಬಗೆಯ ಗೆಲುವಿತ್ತು.

ಬೋರಯ್ಯ ಚಿಕ್ಕಸ್ವಾಮಿಯ ಮೇಲೆ ಹರಿಹಾಯ್ದ. "ಎಲ್ಲಿ, ತೋರ್ಸು ನಿನ್ ವಾಚ್ನ!" ಎಂದು ಅವನ ತೋಳು ಹಿಡಿದು ಅಂಗಿ ಮೇಲಕ್ಕೆ ಸರಿಸಿದ. ಕೈ ಬರಿದಾಗಿತ್ತು. ಮೊಬೈಲು ಬಂದ ಮೇಲೆ ಚಿಕ್ಕಸ್ವಾಮಿ ವಾಚು ಕಟ್ಟುವುದನ್ನೇ ಬಿಟ್ಟಿದ್ದ. "ಥೂ ನಿನ್ನ! ಒಂದು ಮನೆ ಹಾಳಾಗಿರೋದು ಸಾಲ್ದು ಅಂತ ಬಂದ್ಯಾ? ಎದ್ದೋಗಿ ಎಲ್ರೂ! ಈಗ್ಲೇ ಎದ್ದೋಗಿ!"

ಪರದೆ ಸರಿಯಿತು. ಪ್ರಮೀಳಾ ಒಂದು ಚೊಂಬು ನೀರು ಹಿಡಿದು ಹೊರಬಂದಳು.

"ಅಪ್ಪ, ಸುಮ್ಕಿರು ನೀನು," ಎಂದಳು. ಚೊಂಬನ್ನು ಬೈರಮ್ಮನ ಕೈಗಿಟ್ಟು ಪಕ್ಕದಲ್ಲೇ ಕೂತಳು. "ನಮ್ಮತ್ತೆನೂ ಅವತ್ತು ಇಲ್ಲೇ, ಇದೇ ಗೋಡೆಗೊರಗಿ ಕೂತಿದ್ರು. ಅವ್ರ ಮಗಂಗೆ ಕಾಫಿ ಕುಡಿಯೋಕೂ ಆಗ್ತಿರ್ಲಿಲ್ಲ, ಲೋಟ ನಡುಗ್ತಿತ್ತು. ಅವ್ರು ನೋಡ್ತಾನೇ ಇದ್ರು. ಬಾಯಿ ಬುಡ್ಲಿಲ್ಲ." ಬೈರಮ್ಮ ಅವಳ ಕೈ ಹಿಡಿದುಕೊಂಡು ಗಟ್ಟಿಯಾಗಿ ಅತ್ತಳು. ನಾಚಿಕೆಗೆ ಅತ್ತಳು, ಬದುಕಿದ ಮಗನಿಗಾಗಿ ಅತ್ತಳು, ಈ ಹುಡುಗಿಯ ಬೋಳು ಹಣೆ ನೋಡಿ ಅತ್ತಳು.

ಹೊರಡುವಾಗ ಸುನಿತಾ ಕಾರಿನವರೆಗೂ ಬಂದಳು. ಅವಳ ಮುಖ ಕೆಂಪಗಾಗಿತ್ತು.

"ನಾನು ಕೇಳಿದ್ದು ತಪ್ಪಲ್ಲ," ಎಂದಳು ನಿಂಗರಾಜುವಿಗೆ. "ಆದ್ರೆ ನನ್ನ ಕಣ್ಣೆದುರಿಗೆ ನಿಮಗೇನಾದ್ರೂ ಆಗಿದ್ರೆ? ನಾನು ಎಣಿಸ್ತಾ ಕೂತಿದ್ನಲ್ಲ! ಅದನ್ನ ಯೋಚ್ನೆ ಮಾಡಿದ್ರಾ ನೀವು?"

"ಇಲ್ಲ. ತಪ್ಪಾಯ್ತು," ಎಂದ ಅವನು.

"ನಿಮ್ಮ ನಂಬರು ಕೊಡಿ. ನಾನು ಯೋಚ್ನೆ ಮಾಡಬೇಕು. ಆಗಲ್ಲ ಅನ್ನೋದಾದ್ರೂ ನಾನೇ ಫೋನ್ ಮಾಡಿ ಹೇಳ್ತೀನಿ. ಯಾರ ಕೈಲೂ ಹೇಳಿ ಕಳ್ಸಲ್ಲ."

ನಂಬರು ಕೊಟ್ಟ. ಕಾರು ಹೊರಟಿತು.

"ನೇರ ಮೈಸೂರಿಗೆ ಬುಡು. ಡಾಕ್ಟ್ರಿಗೆ ತೋರಿಸ್ಕಂಡೇ ಊರಿಗೆ ಓಗೋದು," ಎಂದು ಬೈರಮ್ಮ ತಮ್ಮನಿಗೆ ಹೇಳಿದಳು. ಹಿಂದಿನ ಸೀಟಿನಲ್ಲಿ ಮಗನ ಪಕ್ಕ ಕೂತು ಅವನ ಎದೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಕಾರು ನಾಗಮಂಗಲ ದಾಟಿ ಪಾಂಡವಪುರದ ರಸ್ತೆ ಹಿಡಿಯಿತು. ಚಿಕ್ಕಸ್ವಾಮಿಗೆ ಅದಕ್ಕಿಂತ ಹೆಚ್ಚು ಹೊತ್ತು ಸುಮ್ಮನಿರಲು ಆಗಲಿಲ್ಲ.

"ಓದ್ರೆ ಓಯ್ತು ಬುಡಕ್ಕ. ಪಾಂಡವಪುರದಲ್ಲೇ ಇನ್ನೊಂದು ಮನೆ ಐತೆ. ಹುಡ್ಗಿ ಬಿ.ಕಾಂ. ಪುಷಪ್ಪು ಗಿಷಪ್ಪು ಏನೂ ಕೇಳಾಕಿಲ್ಲ."

"ಮೊದ್ಲು ಫೋನ್ ಮಾಡಿ, ಹುಡ್ಗನ ಎದೆ ಕುಯ್ದವ್ರೆ ಅಂತ ಯೋಳು," ಎಂದಳು ಬೈರಮ್ಮ. "ಆಮ್ಯಾಕೂ ಬನ್ನಿ ಅಂದ್ರೆ ಓಗಾಣ. ಇಲ್ದಿದ್ರೆ ಬ್ಯಾಡ. ಇನ್ನೊಂದ್ಸಲ ಫ್ಯಾನು ಜೋರು ಮಾಡಿ ಅಂದ್ಯೋ, ನಿನ್ ಬಾಯಿಗೆ ಹಾಕ್ತೀನಿ ನೋಡು."

ಚಿಕ್ಕಸ್ವಾಮಿ ಗೇರು ಬದಲಾಯಿಸಿ ರಸ್ತೆ ನೋಡಿದ. ಎರಡೂ ಕಡೆ ಕಬ್ಬಿನ ಗದ್ದೆಗಳು ಸರಿಯುತ್ತಿದ್ದವು. ಅಂಗೈ ಕೆಳಗಿನ ಸದ್ದು ದಿನದ ಹಾಗೆ ನಡೆಯುತ್ತಿತ್ತು. ಬೈರಮ್ಮನಿಗೆ ಒಂದು ಮಾತು ಕೇಳದೆ ಇರಲಾಗಲಿಲ್ಲ. ಕೇಳಲು ಭಯವೂ ಆಗುತ್ತಿತ್ತು.

"ಲೇ ನಿಂಗ. ನಾನು ಯೋಳ್ದೇ ಇದ್ದಿದ್ರೆ?"

ನಿಂಗರಾಜು ಕಿಟಕಿಯಿಂದ ಮುಖ ತಿರುಗಿಸಿದ.

"ಮಾಡ್ತಾನೇ ಇರ್ತಿದ್ದೆ ಕಣವ್ವ."

"ಇಪ್ಪತ್ತು ಆದ್ಮ್ಯಾಕೆ?"

"ಆದ್ಮ್ಯಾಕೂ. ನೀನು ಯೋಳೋಗಂಟ."

ಅವನು ಸುಳ್ಳು ಹೇಳುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಎದೆಯ ಮೇಲಿದ್ದ ಕೈ ತೆಗೆದಳು. ಅದೇ ಕೈಯಿಂದ ಅವನ ಕೆನ್ನೆಗೆ ಬೀಸಿ ಒಂದು ಬಿಟ್ಟಳು. ಚಿಕ್ಕಸ್ವಾಮಿ ಗಾಬರಿಯಾಗಿ ಕಾರು ಪಕ್ಕಕ್ಕೆ ಹಾಕಿ ನಿಲ್ಲಿಸಿದ.

ನಿಂಗರಾಜು ಕೆನ್ನೆ ಹಿಡಿದುಕೊಂಡು ತಾಯಿಯನ್ನು ನೋಡಿದ. ಆಮೇಲೆ ನಕ್ಕ. ಆಪರೇಷನ್ ಆದಮೇಲೆ ಅವಳಿಂದ ಬಿದ್ದ ಮೊದಲ ಏಟು ಅದು.